ಜೈಲಿನ್ಯಾಗಿರೋ ಅಣ್ಣನ ಸಹಿ ನಾ ಮಾಡಬಹುದಾ?

ಪ್ರಶ್ನೆ (ಗೋಕಾಕ ತಾಲೂಕಿನಿಂದ):
ವಕೀಲ ಸಾಹೇಬ್ರ, ನಮಸ್ಕಾರ್ರೀ. ನಮ್ಮಣ್ಣ ಹದಿನಾಲ್ಕು ತಿಂಗಳಿಂದ ಹಿಂಡಲಗಾ ಜೈಲಿನ್ಯಾಗ ಅದಾನ್ರಿ, ಕೇಸ್ ಇನ್ನೂ ನಡದೈತಿ. ವೈನಿ ತೀರಿ ನಾಕ್ ವರ್ಷ ಆತು. ಮಕ್ಕಳಿಬ್ಬರನ್ನ ಅವ್ವ ನೋಡ್ಕೊತಿದ್ಲು. ಕಳದ ತಿಂಗಳ ಅಕಿ ಹಿತ್ತಲದಾಗ ಬಿದ್ದು ತೊಡಿ ಎಲುಬು ಮುರ್ಕೊಂಡ್ಲು. ಯಾರೋ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಹಚ್ಚಿದ್ರು, ಮಕ್ಕಳ ಕಲ್ಯಾಣ ಸಮಿತಿಯವರು ಹುಡುಗೀನ್ನ ಒಂದ್ ಬಾಲಮಂದಿರಕ್ಕ, ಹುಡುಗನ್ನ ಇನ್ನೊಂದಕ್ಕ ಕಳಿಸ್ಯಾರ. ಅಣ್ಣನ ಹೆಸರಿಗೆ ನೋಟಿಸ್ ಹಳ್ಳಿ ಮನಿಗೆ ಬಂದೈತಿ. ಒಂದ್ ತಾರೀಖು ಹೋಗೇಬಿಟ್ಟೈತಿ, ಇನ್ನೊಂದು ಮುಂದಿನ ವಾರ. ಒಬ್ರು "ಸಹಿ ಆದ್ರ ದತ್ತು ಕೊಟ್ಟಬಿಡ್ತಾರ" ಅಂತಾರ, ಇನ್ನೊಬ್ರು "ಅಣ್ಣನ ಸಹಿ ನೀನ ಮಾಡಿ ಕಳಿಸು" ಅಂತಾರ. ಏನ್ ಮಾಡ್ಲಿ?

ಉತ್ತರ (ಬೆಳಗಾವಿಯ ವಕೀಲರು):
ತಂಗೀ, ಅಣ್ಣನ ಸಹಿ ನೀವು ಮಾಡಬ್ಯಾಡ್ರಿ. ನನ್ನ ಕಕ್ಷಿದಾರನೊಬ್ಬನ ತಮ್ಮ ಹಿಂಗ ಮಾಡಿದ್ದ, ಪಾಪ, ಒಳ್ಳೇದಕ್ಕ ಅಂತನ. ಅರ್ಜಿ ಮ್ಯಾಲ ದುಂಡಗಿನ ಕನ್ನಡ ಸಹಿ, ಜೈಲಿನಿಂದ ಬಂದ ವಕಾಲತ್ತಿನ (ವಕೀಲರನ್ನ ನೇಮಿಸೋ ಪತ್ರ) ಮ್ಯಾಲ ನೀಲಿ ಹೆಬ್ಬೆಟ್ಟು. ಸಮಿತಿಯವರು ಎರಡೂ ಹಾಳಿ ಜೋಡಿಸಿಟ್ಟು ನನ್ನ ಮಾರಿ ನೋಡಿದರು. ಎರಡು ತಾರೀಖು ಅದಕ್ಕೇ ಹೋದವು.

ದತ್ತಿನ ಹೆದರಿಕಿ ಬಿಡ್ರಿ. ಮಗೂನ್ನ ಒಪ್ಪಿಸಿ ಕೊಡೋ ಪತ್ರ ಅಂತ ಬ್ಯಾರೇನ ಇರತೈತಿ. ಅದನ್ನ ಸಮಿತಿ ಮುಂದ ಬರದುಕೊಡಬೇಕು, ಕೊಟ್ಟ ಮ್ಯಾಲೂ ಮನಸ್ಸು ಬದಲಿಸಾಕ 2 ತಿಂಗಳು ಅವಕಾಶ ಐತಿ. ತಂದಿ ಜೈಲಿನ್ಯಾಗ ಅದಾನ ಅನ್ನೋದೊಂದಕ್ಕ ಮಕ್ಕಳು ಕೈಬಿಟ್ಟು ಹೋಗಂಗಿಲ್ಲ. ಆದ್ರ ಸುಮ್ಮನ ಕುಂತ್ರ ಕಡತದಾಗ "ಪಾಲಕರು ಗೈರು" ಅಂತ ಬೀಳಕೋತ ಹೋಗತೈತಿ. ನೋಟಿಸ್ ಹಳ್ಳಿ ಮನಿಗೆ ಬಂದೈತಿ ಅಂದ್ರ, ಅವ ಎಲ್ಲಿ ಅದಾನ ಅನ್ನೋದ ಸಮಿತಿಗೆ ಗೊತ್ತಿಲ್ಲೇನೋ ಅಂತ ನನಗ ಅನುಮಾನ.

ನಾಳೆ ನೋಟಿಸಿನ ಎರಡು ಝೆರಾಕ್ಸ್ ತಗೊಂಡು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ, ಕೋರ್ಟ್ ಆವರಣದಾಗ ಐತಿ. ಹೋಗಾಕ ಆಗದಿದ್ರ ಕಾನೂನು ನೆರವಿನ ಸಹಾಯವಾಣಿ 15100ಕ್ಕ ಫೋನ್ ಮಾಡ್ರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಬಂಧನದಾಗ ಇದ್ದವರಿಗೆ ವಕೀಲರು ಪುಕ್ಕಟೆ. ಆ ವಕೀಲರು ಜೈಲಿಗೆ ಹೋಗಿ ವಕಾಲತ್ತು ತಗೋತಾರ, ಅಣ್ಣನ ಸಹಿ ಕೆಳಗ ಜೈಲಿನ ಅಧಿಕಾರಿಯ ಸಹಿ, ಸಿಕ್ಕಾ ಬೀಳಬೇಕು. ಅರ್ಜಿಯಾಗ ಉದ್ದ ಕಥಿ ಬ್ಯಾಡ. "ನಾನು ಈ ಜೈಲಿನಲ್ಲಿ ವಿಚಾರಣಾಧೀನ ಕೈದಿ, ಇನ್ನು ಮುಂದಿನ ನೋಟಿಸ್ ಇಲ್ಲಿಗೇ ಕಳಿಸಬೇಕು, ವಿಡಿಯೋ ಮೂಲಕ ನನ್ನ ಮಾತು ಕೇಳಬೇಕು, ಮಕ್ಕಳನ್ನು ನನ್ನ ತಂಗಿಗೆ ಕೊಡಲು ಒಪ್ಪಿಗೆ ಇದೆ." ಇಷ್ಟು ಸಾಕು.

ನಿಮ್ಮ ಅರ್ಜಿ ಬ್ಯಾರೆ ಹಾಕ್ರಿ, ಮಕ್ಕಳನ್ನ ನಾನು ನೋಡ್ಕೋತೀನಿ ಅಂತ. ಆಧಾರ್, ರೇಷನ್ ಕಾರ್ಡ್, ಮಕ್ಕಳ ಜನನ ಪ್ರಮಾಣಪತ್ರ ಹಚ್ಚ್ರಿ. (ವೈನಿ ತವರು ಮಹಾರಾಷ್ಟ್ರ ಆಗಿದ್ದು ಪ್ರಮಾಣಪತ್ರ ಮರಾಠಿಯಾಗ ಇದ್ರ ಕನ್ನಡ ತರ್ಜುಮೆ ಜೋಡಿಸಿಬಿಡ್ರಿ. ನಮ್ಮ ಕಡೆ ಇದು ಬಾಳ.) ಒಳಗ ಕೊಡುವಾಗ ಇನ್ನೊಂದು ಪ್ರತಿ ಮ್ಯಾಲ ಸಿಕ್ಕಾ, ತಾರೀಖು ಹಾಕಿಸ್ಕೊಳ್ರಿ. ಸಾಮಾಜಿಕ ತನಿಖೆಗೆ (ಮಕ್ಕಳ ಮನಿ ಪರಿಸ್ಥಿತಿ ವಿಚಾರಿಸೋದು) ಬಾಲನ್ಯಾಯ ಕಾಯ್ದೆ ಕೊಟ್ಟಿರೋದು 15 ದಿನ, ಕೊನಿ ಆದೇಶಕ್ಕ 4 ತಿಂಗಳು. ಆದೇಶ ಒಪ್ಪಿಗಿ ಇಲ್ಲದಿದ್ರ 30 ದಿನದಾಗ ಮೇಲ್ಮನವಿ.

ನಮ್ಮ ಗುಂಪಿನ ಸದಸ್ಯರೊಬ್ಬರು (ಜೈಲು ಇಲಾಖೆಯಿಂದ ನಿವೃತ್ತರು):
ಒಂದು ಮಾತು ಸೇರಿಸ್ತೀನಿ. ಜೈಲಿಗೆ ಟಪಾಲು ಕಳಿಸಿದ್ರ ಬರೇ ಹೆಸರು ಬರೀಬ್ಯಾಡ್ರಿ. ತಂದಿ ಹೆಸರು, ಕೈದಿ ನಂಬರ್ ಎರಡೂ ಬೇಕು. ಒಂದ ಹೆಸರಿನ ಮೂರ್ ಮಂದಿ ಒಳಗ ಇರ್ತಾರ.

ಪ್ರಶ್ನೆ ಕೇಳಿದವರು:
ನಂಬರ್ ಮುಲಾಕಾತ್ ಚೀಟಿ ಮ್ಯಾಲ ಐತ್ರಿ, ಸಿಕ್ತು. ಮಕ್ಕಳ್ನ ಮುಲಾಕಾತಿಗೆ ಕರ್ಕೊಂಡ್ ಹೋಗಬಹುದಾ? ಸಣ್ಣಾವ ಅಪ್ಪನ್ನ ನೋಡದ ದೀಡ ವರ್ಷ ಆಗಾಕ ಬಂತು.

ವಕೀಲರು:
ಬಾಲಮಂದಿರದಾಗ ಇರೂತನಕ ಸಮಿತಿ ಅನುಮತಿ ಬೇಕು. ಅದೇ ಅರ್ಜಿಯಾಗ ಒಂದ್ ಸಾಲು ಕೇಳ್ರಿ. ಅಣ್ಣ ತಂಗಿ ಬ್ಯಾರೆ ಬ್ಯಾರೆ ಕಡೆ ಅದಾರಲ್ಲ, ಅವರಿಬ್ಬರೂ ಭೇಟಿ ಆಗಬೇಕು ಅಂತನೂ ಬರೀರಿ, ಅದನ್ನ ಎಲ್ಲರೂ ಮರೀತಾರ.

ಪ್ರಶ್ನೆ ಕೇಳಿದವರು:
ಹುಡುಗಿನ ದೊಡ್ಡಾಕಿ ರೀ, ಅಕ್ಕ ತಮ್ಮ.

ವಕೀಲರು:
ಆಗ್ಲಿ, ಅಕ್ಕ ತಮ್ಮ. ಅರ್ಜಿಯಾಗ ಮಾತ್ರ ಹಿಂಗ ತಪ್ಪಬ್ಯಾಡ್ರಿ.