ಪದಚರ್ಚೆ: ಬಂಡೆ ಹತ್ತುವವರ ಸಾಮಾನಿಗೆ ಫಲಕದಲ್ಲಿ ಏನು ಬರೆಯಬೇಕು?

ಅನುವಾದಕಿ, ಮಂಗಳೂರು:

ಎಲ್ಲರಿಗೂ ನಮಸ್ಕಾರ. ಗುರುವಾರ ಸಂಜೆಯೊಳಗೆ ಒಂದು ಫಲಕಕ್ಕೆ ಕನ್ನಡ ಬೇಕಾಗಿದೆ. ಬೋರ್ಡು ಬರೆಯುವವರು ಆಗಲೇ ಎರಡು ಸಲ ಫೋನ್ ಮಾಡಿದ್ದಾರೆ, ಆದ್ದರಿಂದ ದಯವಿಟ್ಟು ಬೇಗ ಉತ್ತರಿಸಿ.

ಇಲ್ಲಿ ಬಂಡೆ ಹತ್ತುವ ಹವ್ಯಾಸದವರ ಒಂದು ತಂಡ ಮೇಳದಲ್ಲಿ ಮಳಿಗೆ ಹಾಕುತ್ತಿದೆ. ದೊಡ್ಡ ಬ್ರ್ಯಾಂಡುಗಳ ಸಾಮಾನು ಕಾಲೇಜಿನ ಮಕ್ಕಳಿಗೆ ಎಟಕುವುದಿಲ್ಲ. ಹಾಗಾಗಿ ಇವರು ರಿಕ್ಷಾ ಸೀಟು ಹೊಲಿಯುವ ಕುಶನ್ ಅಂಗಡಿಯಲ್ಲಿ, ಬಿದ್ದಾಗ ಪೆಟ್ಟಾಗದಂತೆ ನೆಲಕ್ಕೆ ಹಾಸುವ ದಪ್ಪ ಹಾಸಿಗೆ ಮಾಡಿಸಿದ್ದಾರೆ. ಬ್ಯಾಗ್ ಹೊಲಿಯುವವರಿಂದ, ಕೈಗೆ ಹಚ್ಚುವ ಪುಡಿ ಇಟ್ಟುಕೊಂಡು ಸೊಂಟಕ್ಕೆ ಕಟ್ಟುವ ಚೀಲ, ಬಡಗಿಯಿಂದ ಬೆರಳಿಗೆ ಬಲ ಬರಿಸುವ ಮರದ ಹಲಗೆ ಮಾಡಿಸಿದ್ದಾರೆ. ಹಗ್ಗ, ಸೊಂಟಕ್ಕೂ ತೊಡೆಗೂ ತೊಡುವ ಪಟ್ಟಿಯಾದ ಹಾರ್ನೆಸ್, ಹಗ್ಗ ಸಿಕ್ಕಿಸುವ ಲೋಹದ ಕ್ಯಾರಬಿನರ್ ಮಾತ್ರ ಹೆಚ್ಚು ಹೆಸರು ಕೇಳಿರದ, ಆದರೆ ಪರೀಕ್ಷೆಯ ಮುದ್ರೆಯಿರುವ ಸಣ್ಣ ಕಂಪನಿಗಳಿಂದ ತರಿಸಿದ್ದು.

ನಾನು ಬರೆದುಕೊಂಡಿರುವುದು: ‘ಅಗ್ಗದ ಆರೋಹಣ ಉಪಕರಣಗಳು, ಕಿರು ತಯಾರಕರಿಂದ’. ಓದಿದರೆ ಸರಕಾರಿ ಟೆಂಡರಿನ ಹಾಗಿದೆ. ‘ಅಗ್ಗದ’ ಎಂದರೆ ಜನ ಕಳಪೆ ಎಂದುಕೊಳ್ಳುತ್ತಾರೆ. ‘ಗೇರ್’ ಎಂಬುದಕ್ಕೆ ಒಂದೇ ಪದ ಸಿಕ್ಕಿದರೆ ಬಹಳ ಉಪಕಾರ. ಫಲಕದ ಅಗಲ ನಾಲ್ಕೇ ಅಡಿ.

ನಿವೃತ್ತ ಕನ್ನಡ ಅಧ್ಯಾಪಕ, ಉಡುಪಿ:

‘ಕಿರು ತಯಾರಕ’ ಬೇಡವೇ ಬೇಡ. ‘ತಯಾರ್’ ಅರಬ್ಬಿಯಿಂದ ಬಂದದ್ದು, ಅದಕ್ಕೆ ಸಂಸ್ಕೃತದ ‘ಕ’ ಪ್ರತ್ಯಯ ಅಂಟಿಸಿ, ಮುಂದೆ ಕನ್ನಡದ ‘ಕಿರು’ ನಿಲ್ಲಿಸಿದ್ದೀರಿ. ಅರಿಸಮಾಸಕ್ಕೂ ಒಂದು ಮಿತಿಯಿದೆ. ‘ಮಾಡುವವರು’ ಎನ್ನಿ, ಸಾಕು.

‘ಆರೋಹಣ’ವೂ ಬೇಡ. ಆರೋಹಣ ಸಂಗೀತದಲ್ಲಿರಲಿ. ಮೆಚ್ಚು–ಮೆಚ್ಚುಗೆ, ನಂಬು–ನಂಬುಗೆ ಇರುವ ಹಾಗೆ ‘ಹತ್ತುಗೆ’ ಎನ್ನಬಹುದು. ‘ಹತ್ತುಗೆಯ ಸರಕು’. ನಾಲ್ಕು ಅಡಿಯಲ್ಲಿ ಧಾರಾಳವಾಗಿ ಹಿಡಿಸುತ್ತದೆ.

ಕ್ಯಾರಬಿನರ್ ಎಂಬುದಕ್ಕೆ ಕನ್ನಡದಲ್ಲಿ ‘ಕೊಂಡಿ’ ಇದೆ. ಇದರಲ್ಲಿ ಚರ್ಚಿಸುವುದಕ್ಕೆ ಏನೂ ಇಲ್ಲ.

ಅಡಿಕೆ ಕೃಷಿಕ, ಬೆಳ್ತಂಗಡಿ:

ಅಕ್ಕ, ‘ಹತ್ತುಗೆ’ ಎಂದು ಬರೆದರೆ ನಮ್ಮೂರಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಮಾಸ್ತರರು ಕ್ಷಮಿಸಬೇಕು, ಪದವನ್ನು ಕಟ್ಟುವುದಕ್ಕೆ ಮೊದಲು ಹತ್ತುವವರನ್ನು ಕೇಳಬೇಕಿತ್ತು. ಈ ಜಿಲ್ಲೆಯಲ್ಲಿ ಹೊಟ್ಟೆಪಾಡಿಗಾಗಿ ಹತ್ತುವವರು ತಲೆತಲಾಂತರದಿಂದ ಇದ್ದಾರೆ: ಅಡಿಕೆ ಕೊಯ್ಯುವವರು, ಮದ್ದು ಬಿಡುವವರು, ಕಳ್ಳು ಇಳಿಸುವ ಮೂರ್ತೆದಾರರು. ಅವರ ಬಾಯಲ್ಲಿ ‘ತಳೆ’ ಎಂಬ ಮಾತಿದೆ. ಹಗ್ಗವನ್ನೋ ಅಡಿಕೆ ಹಾಳೆಯನ್ನೋ ಹೊಸೆದು ಬಳೆಯಂತೆ ಗಂಟು ಹಾಕಿ, ಎರಡೂ ಪಾದಗಳನ್ನು ಅದರೊಳಗೆ ತೂರಿಸಿ, ಅಂಗಾಲುಗಳ ನಡುವೆ ಮರವನ್ನು ಅದುಮಿ ಹಿಡಿದು ಮೇಲಕ್ಕೆ ಕುಪ್ಪಳಿಸುತ್ತಾರೆ. ಪಾದ ಜಾರದಂತೆ ಕಾಯುವುದು ಆ ತಳೆ. ಮಳೆಗಾಲದಲ್ಲಿ ಪಾಚಿ ಹಿಡಿದ ಮರದಲ್ಲಿ ಮದ್ದು ಬಿಡುವವನಿಗೆ ಅದಕ್ಕಿಂತ ದೊಡ್ಡ ‘ಗೇರ್’ ಇಲ್ಲ. ಅದನ್ನು ಮಾಡಿಕೊಳ್ಳುವುದೂ ಅವನೇ. ಅಡಿಕೆ ಮರ ಏರುವ ಬೈಕನ್ನು ರೂಪಿಸಿದವರೂ ಬಂಟ್ವಾಳ ತಾಲ್ಲೂಕಿನ ಒಬ್ಬ ಕೃಷಿಕರೇ, ಯಾವ ದೊಡ್ಡ ಕಂಪನಿಯೂ ಅಲ್ಲ.

ಅಗ್ಗ ಎಂದಾಗ ಕಳಪೆ ಎಂಬ ಅರ್ಥ ಬರುತ್ತದೆ ಎಂದಿರಿ, ನಿಜ. ನಮ್ಮಲ್ಲಿ ‘ಕ್ರಯ ಎಷ್ಟು’ ಎಂದೇ ಕೇಳುವುದು. ‘ಕಡಿಮೆ ಕ್ರಯ’ ಎಂದರೆ ಇಲ್ಲಿನವರಿಗೆ ಹತ್ತಿರವಾಗುತ್ತದೆ.

ನಿವೃತ್ತ ಕನ್ನಡ ಅಧ್ಯಾಪಕ, ಉಡುಪಿ:

ತಳೆ! ಇದನ್ನು ನೆನಪಿಸಿದ್ದಕ್ಕೆ ಮನಸಾರೆ ವಂದನೆ. ತಮಿಳಿನಲ್ಲಿ ‘ತಳೈ’ ಎಂದರೆ ಕಟ್ಟು, ಬೇಡಿ. ಅವರ ಛಂದಸ್ಸಿನಲ್ಲಿ ಗಣಕ್ಕೆ ಗಣ ಬೆಸೆಯುವುದಕ್ಕೂ ಅದೇ ಹೆಸರು. ಮಲಯಾಳದಲ್ಲಿ ತೆಂಗು ಹತ್ತುವವರ ಕಾಲಬಳೆ ‘ತಳಪ್ಪು’. ‘ರೂಪ ತಳೆ’, ‘ನಿಲುವು ತಳೆ’ ಎನ್ನುವಾಗ ಬರುವ ಧಾತುವೂ ಇದೇ ಇರಬೇಕೆಂದು ನನ್ನ ಬಲವಾದ ಅಭಿಪ್ರಾಯ: ಮೈಗೆ ಕಟ್ಟಿಕೊಳ್ಳುವುದು, ಧರಿಸುವುದು. ಹಾಗಿರುವಾಗ ಹಾರ್ನೆಸ್ಸಿಗೆ ‘ನಡುತಳೆ’ ಎನ್ನಲು ಅಡ್ಡಿಯೇನು? ಸಾವಿರ ವರ್ಷದ ನಮ್ಮ ಪದ ತೋಟದಲ್ಲಿ ಬಿದ್ದಿರುವಾಗ ಪೇಟೆಯಿಂದ ತರುವುದೇಕೆ?

ಉಪನ್ಯಾಸಕಿ, ಮಣಿಪಾಲ:

ಮಾಸ್ತರರೇ, ಬೇಡಿ ಎಂಬ ‘ತಳೈ’ಗೂ ‘ರೂಪ ತಳೆ’ಗೂ ಗಂಟು ಹಾಕುವುದಕ್ಕೆ ಆಧಾರ ಕೊಡಿ, ಅಭಿಪ್ರಾಯ ಸಾಲದು. ಇನ್ನು ‘ನಡುತಳೆ’ ನನಗೆ ಒಪ್ಪಿಗೆಯಿಲ್ಲ. ತಳೆ ಪಾದಕ್ಕೆ, ಅದು ಹತ್ತಿಸುತ್ತದೆ. ಹಾರ್ನೆಸ್ ಸೊಂಟ ಮತ್ತು ತೊಡೆಗಳಿಗೆ, ಅದು ಬಿದ್ದವರನ್ನು ಹಿಡಿಯುತ್ತದೆ. ಒಂದರ ಹೆಸರನ್ನು ಇನ್ನೊಂದಕ್ಕೆ ಇಡುವುದು ಬೇಡ.

ನಾನು ಬಂಡೆ ಹತ್ತುವವಳು. ನನ್ನ ಚಿಂತೆ ಬೇರೆಯದು. ಅಕ್ಕ, ನಿಮ್ಮ ಫಲಕದಲ್ಲಿ ಎಲ್ಲವನ್ನೂ ಒಂದೇ ಹೆಸರಿನ ಕೆಳಗೆ ತಂದರೆ ಯಾರಾದರೂ ಪ್ರಾಣ ಕಳೆದುಕೊಳ್ಳಬಹುದು. ಕುಶನ್ ಅಂಗಡಿಯ ಹಾಸಿಗೆಗೆ ಮೇಲೆ ಗಟ್ಟಿ ಫೋಮ್, ಕೆಳಗೆ ಮೆತ್ತನೆಯದು ಇದ್ದರೆ, ಹೊಲಿಗೆ ಭದ್ರವಾಗಿದ್ದರೆ, ಅದು ಹೊರದೇಶದ ಹಾಸಿಗೆಯಷ್ಟೇ ಕೆಲಸ ಮಾಡುತ್ತದೆ. ರಿಕ್ಷಾ ಸೀಟು ಹೊಲಿಯುವವರ ದಪ್ಪ ದಾರ, ಎರಡು ಸಾಲಿನ ಹೊಲಿಗೆ ಎಂಥ ಬ್ರ್ಯಾಂಡಿಗೂ ಕಡಿಮೆಯಿಲ್ಲ. ಪುಡಿಯ ಚೀಲವೂ ಅಷ್ಟೆ, ಹರಿದರೆ ಪುಡಿ ಚೆಲ್ಲುತ್ತದೆ, ಮತ್ತೇನೂ ಆಗುವುದಿಲ್ಲ. (ಆ ಪುಡಿಯನ್ನು ‘ಸೀಮೆಸುಣ್ಣ’ ಎಂದು ಬರೆಯಬೇಡಿ. ಅದು ಮೆಗ್ನೀಸಿಯಂ ಕಾರ್ಬೊನೇಟ್, ಜಿಮ್ನಾಸ್ಟಿಕ್ಸ್‌ನವರು ಕೈಗೆ ಹಚ್ಚುವುದೂ ಅದನ್ನೇ. ಅವರಿಗೆ ಮಾರುವ ಗಟ್ಟಿಯನ್ನು ಕೊಂಡು ಪುಡಿ ಮಾಡಿಕೊಂಡರೆ ಸಾಕು, ಬಣ್ಣದ ಪೊಟ್ಟಣಕ್ಕೆ ದುಡ್ಡು ಸುರಿಯಬೇಕಿಲ್ಲ.)

ಆದರೆ ಹಗ್ಗದ ಮಾತು ಹಾಗಲ್ಲ. ಮಲ್ಪೆಯಲ್ಲಿ ದೋಣಿಗೆ ಕೊಳ್ಳುವ ಹಗ್ಗ ಗಟ್ಟಿ, ಕಡಿಮೆ ಬೆಲೆ, ಕಣ್ಣಿಗೂ ಚೆನ್ನಾಗಿ ಕಾಣುತ್ತದೆ. ಅದನ್ನೇ ಬಂಡೆಗೆ ಒಯ್ಯುತ್ತೇವೆ ಎನ್ನುವ ಹುಡುಗರು ಪ್ರತಿ ವರ್ಷ ಸಿಗುತ್ತಾರೆ. ಅದರಲ್ಲಿ ಹೆಚ್ಚಿನದು ಪಾಲಿಪ್ರೊಪಿಲೀನ್. ನೀರಿನಲ್ಲಿ ತೇಲುತ್ತದೆ ಎಂದು ಮೀನುಗಾರರಿಗೆ ಬೇಕು. ಅದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ನೈಲಾನ್ 220ರ ಆಸುಪಾಸಿನವರೆಗೆ ತಡೆಯುತ್ತದೆ. ಕಲ್ಲಿನ ಅಂಚಿನ ಮೇಲೆ, ಲೋಹದೊಳಗೆ ಉಜ್ಜುವಾಗ ಈ ವ್ಯತ್ಯಾಸ ಸಣ್ಣದಲ್ಲ. ಅದಕ್ಕಿಂತ ಮುಖ್ಯ, ಬಂಡೆ ಹತ್ತುವವರ ಹಗ್ಗ ಹಿಗ್ಗಬೇಕು. ಇಎನ್ 892 ಎಂಬ ಯುರೋಪಿನ ಮಾನದಂಡದಲ್ಲಿ, ಒಂಟಿಯಾಗಿ ಬಳಸುವ ಹಗ್ಗಕ್ಕೆ 80 ಕಿಲೋ ತೂಕ ಕಟ್ಟಿ ಬೀಳಿಸಿದಾಗ ಮೊದಲ ಬೀಳಿನಲ್ಲಿ ಎಳೆತದ ಬಲ 12 ಕಿಲೋನ್ಯೂಟನ್ ದಾಟಬಾರದು, ಹಿಗ್ಗುವಿಕೆ ಶೇ 40ನ್ನು ಮೀರಬಾರದು, ಕನಿಷ್ಠ ಐದು ಬೀಳುಗಳನ್ನು ತಡೆಯಬೇಕು. ಹಿಗ್ಗದ ಹಗ್ಗ ತುಂಡಾಗದಿದ್ದರೂ ಬಿದ್ದವರ ಬೆನ್ನು ಮುರಿಯಬಹುದು. ಹಗ್ಗದ ತುದಿಯ ಪಟ್ಟಿಯಲ್ಲಿ ಒಂಟಿ ಹಗ್ಗದ ಗುರುತಾಗಿ ವೃತ್ತದೊಳಗೆ 1 ಎಂದು ಮುದ್ರಿಸಿದೆಯೇ ಎಂದು ನೋಡಿ ಕೊಳ್ಳಬೇಕು. ಕ್ಯಾರಬಿನರಿನ ಬೆನ್ನಿನಲ್ಲಿ ಉದ್ದಕ್ಕೆ, ಅಡ್ಡಕ್ಕೆ, ಬಾಯಿ ತೆರೆದಿರುವಾಗ ಎಂದು ಮೂರು ಬಲಗಳನ್ನು ಕೆತ್ತಿರುತ್ತಾರೆ. ಸಾಮಾನ್ಯ ಬಗೆಯದಕ್ಕೆ ಉದ್ದಕ್ಕೆ ಕನಿಷ್ಠ 20 ಕಿಲೋನ್ಯೂಟನ್ ಬೇಕು, ಎಂದರೆ ಸುಮಾರು ಎರಡು ಟನ್ ಭಾರ. ಅಡ್ಡಕ್ಕೆ 7 ಸಾಕು. ಕೀಲಿಗೊಂಚಲಿಗೆ ಮಾರುವ ಬಣ್ಣದ ಕೊಂಡಿಗಳಲ್ಲಿ ಈ ಮುದ್ರೆ ಇರುವುದಿಲ್ಲ.

ಸಣ್ಣವರು ಮಾಡಿದ್ದು ಕೀಳು ಎಂದು ನಾನು ಹೇಳುತ್ತಿಲ್ಲ. ಈ ಸಾಮಾನಿನ ಚರಿತ್ರೆಯೇ ಸಣ್ಣವರದು. ವೇಲ್ಸ್‌ನಲ್ಲಿ ಹತ್ತುವವರು ರೈಲು ಹಳಿಯ ಬದಿಯಲ್ಲಿ ಬಿದ್ದ ನಟ್ಟುಗಳನ್ನು ಹೆಕ್ಕಿ, ಹುರಿ ಪೋಣಿಸಿ, ಬಂಡೆಯ ಬಿರುಕಿಗೆ ಸಿಕ್ಕಿಸುತ್ತಿದ್ದರು. ಇಂದಿಗೂ ಆ ಸಾಧನದ ಹೆಸರು ‘ನಟ್’. ಅಮೆರಿಕದ ಇವಾನ್ ಶುನಾರ್ಡ್ 1957ರಲ್ಲಿ ಹಳೆಯ ಕುಲುಮೆ ಕೊಂಡು, ತಾನೇ ಕಮ್ಮಾರಿಕೆ ಕಲಿತು, ಬಿರುಕಿಗೆ ಬಡಿಯುವ ಮೊಳೆಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟು ಮಾರಿದವರು. ಇಂದು ದೊಡ್ಡದೆನಿಸಿರುವ ಬ್ಲ್ಯಾಕ್ ಡೈಮಂಡ್ ಕಂಪನಿ ಅವರ ಆ ಉದ್ದಿಮೆಯಿಂದಲೇ 1989ರಲ್ಲಿ ಹುಟ್ಟಿಕೊಂಡದ್ದು. ಹಾಗಾಗಿ ‘ಪರ್ಯಾಯ’, ‘ಬದಲಿ’ ಎಂಬ ಪದಗಳನ್ನು ಬಿಡಿ. ನಮ್ಮ ಕುಶನ್ ಅಂಗಡಿಯವರು ಯಾರ ಬದಲಿಗೂ ಕೆಲಸ ಮಾಡುತ್ತಿಲ್ಲ. ಒಂದು ಫಲಕ ಸಾಲದು, ಎರಡು ಬರೆಸಿ. ಊರಿನಲ್ಲಿ ಹೊಲಿದದ್ದು ಒಂದು ಕಡೆ, ಜೀವ ಹೊರುವುದು ಇನ್ನೊಂದು ಕಡೆ.

‘ಗೇರ್’ಗೆ ‘ಸಜ್ಜು’ ಎನ್ನಿ. ಕುದುರೆಯ ಸಜ್ಜು ಎಂದು ಕೇಳಿದ್ದೇವೆ, ಸಜ್ಜಾಗುವುದು ಎಲ್ಲರಿಗೂ ಗೊತ್ತು.

ನಿವೃತ್ತ ಕನ್ನಡ ಅಧ್ಯಾಪಕ, ಉಡುಪಿ:

ಸಜ್ಜು ಸಂಸ್ಕೃತದ ‘ಸಜ್ಜ’. ಸುರಕ್ಷತೆಯ ಮಾತನ್ನು ಒಪ್ಪುತ್ತೇನೆ, ಪದವನ್ನು ಒಪ್ಪುವುದಿಲ್ಲ. ನೀವು ಕ್ಯಾರಬಿನರ್ ಎಂದೇ ಬರೆಯುತ್ತಿರುವುದೂ ಸರಿಯಲ್ಲ. ಅದು ಜರ್ಮನ್ನರ ‘ಕಾರಬೀನರ್‌ಹಾಕೆನ್’, ಕಾರ್ಬೈನ್ ಬಂದೂಕನ್ನು ಪಟ್ಟಿಗೆ ಸಿಕ್ಕಿಸುತ್ತಿದ್ದ ಕೊಕ್ಕೆ. ನಮ್ಮ ಬಂಡೆಗೂ ಆ ಬಂದೂಕಿಗೂ ಏನು ಸಂಬಂಧ? ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ಹೊಸ ಬಗೆಯದನ್ನು ಒತ್ತಿ ತೆಗೆದಾಗ ಜನ ಅದನ್ನು ‘ಹೆಂಚು’ ಎಂದೇ ಕರೆದರು. ವಸ್ತು ಹೊಸದು, ಮಾತು ಹಳೆಯದು. ಆ ಜನರಿಗಿದ್ದ ಧೈರ್ಯ ನಮಗೇಕೆ ಇಲ್ಲ? ಬೀಗದ ಕೈ ಎಂಬ ಚಂದದ ಮಾತನ್ನು ಬಿಟ್ಟು ಪೋರ್ಚುಗೀಸರ ‘ಚಾವಿ’ ಹಿಡಿದವರು ನಾವು.

ಮುದ್ರಣಾಲಯದ ಕರಡು ತಿದ್ದುವವ, ಮಂಗಳೂರು:

ಅದೇ ಬಾಸೆಲ್ ಮಿಷನ್ನಿನ ನೇಯ್ಗೆ ಶಾಲೆಯಲ್ಲಿ ‘ಖಾಕಿ’ ಬಟ್ಟೆಯೂ ತಯಾರಾಯಿತು. ಆ ಮಾತು ಪಾರಸಿಯದು, ಮಣ್ಣಿನ ಬಣ್ಣ ಎಂದರ್ಥ. ಅದಕ್ಕೆ ಯಾರೂ ಕನ್ನಡದ ಪದ ಹುಡುಕಲಿಲ್ಲ, ಕನ್ನಡ ಬಡವಾಗಲೂ ಇಲ್ಲ. ಹೆಂಚನ್ನು ಹೇಳಿ ಖಾಕಿಯನ್ನು ಬಿಡುವುದು ನ್ಯಾಯವಲ್ಲ.

ಚಾವಿ, ಇಸ್ತ್ರಿ, ಬಟಾಟೆ, ಪಗಾರ: ಇವನ್ನು ಕಿತ್ತರೆ ಕರಾವಳಿಯ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಾತೇ ನಡೆಯುವುದಿಲ್ಲ. ಹಳೆಯ ತತ್ಸಮ-ತದ್ಭವ ಪಟ್ಟಿಗಳಲ್ಲಿ ‘ಪ್ರಗ್ರಹ’ದಿಂದ ‘ಹಗ್ಗ’ ಎಂದಿದೆ. ‘ಸಜ್ಜು’ ಸಂಸ್ಕೃತ ಎಂದು ತಳ್ಳುವುದಾದರೆ ಹಗ್ಗವನ್ನೂ ತಳ್ಳಿ, ಆಮೇಲೆ ಬಂಡೆ ಹತ್ತಿ.

ಕೊಂಡಿ ಎಂಬುದು ಸರಿ, ಆದರೆ ಸಾಲದು. ಬಾಗಿಲಿಗೂ ಕೊಂಡಿ, ಸರಕ್ಕೂ ಕೊಂಡಿ, ಚೇಳಿಗೂ ಕೊಂಡಿ. ಅಂಗಡಿಗೆ ಬಂದವರು ಕೇಳುವುದು ಕ್ಯಾರಬಿನರನ್ನೇ.

ಅಡಿಕೆ ಕೃಷಿಕ, ಬೆಳ್ತಂಗಡಿ:

ತಳೆಯನ್ನು ಹಾರ್ನೆಸ್ಸಿಗೆ ಎಳೆಯುವುದು ನನಗೂ ಸರಿ ಕಾಣುವುದಿಲ್ಲ, ಉಪನ್ಯಾಸಕಿಯವರ ಮಾತೇ ಸರಿ. ಅವರು ಹೇಳಿದ ಹಗ್ಗದ ವಿಷಯವನ್ನು ನಮ್ಮ ಮರ ಹತ್ತುವವರಿಗೂ ತಿಳಿಸಬೇಕು. ಒಂದು ಮರದ ತುದಿಯಿಂದ ಇನ್ನೊಂದಕ್ಕೆ ದಾಟುವವರು ಅಂಗಡಿಯಲ್ಲಿ ಸಿಕ್ಕಿದ ಹಗ್ಗವನ್ನೇ ಕಟ್ಟಿಕೊಳ್ಳುತ್ತಾರೆ. ಗಡಾಯಿಕಲ್ಲಿನಂಥ ಬಂಡೆ ಹತ್ತಲು ದೂರದಿಂದ ಬರುವವರ ಬಳಿ ಒಳ್ಳೆಯ ಸಜ್ಜು ಇರುತ್ತದೆ. ಅದರ ಬುಡದ ತೋಟದಲ್ಲಿ ದಿನವೂ ಹತ್ತುವವನ ಬಳಿ ಇಲ್ಲ. ಅಕ್ಕ, ನಿಮ್ಮ ತಂಡ ನಮ್ಮ ಕಡೆಗೂ ಬರಲಿ. ಅಂಥವರಿಗೆ ಕಡಿಮೆ ಕ್ರಯದ, ಪರೀಕ್ಷೆಯಾದ ಸೊಂಟಪಟ್ಟಿ ಎಲ್ಲಿ ಸಿಗುತ್ತದೆ ಎಂದು ಹೇಳಿಕೊಟ್ಟರೆ ದೊಡ್ಡ ಉಪಕಾರ.

ಅನುವಾದಕಿ, ಮಂಗಳೂರು:

ಎಲ್ಲರಿಗೂ ಧನ್ಯವಾದ. ಇದನ್ನು ಈಗಷ್ಟೇ ಬರೆಯಲು ಕೊಟ್ಟು ಬಂದೆ.

ದೊಡ್ಡ ಫಲಕ: ‘ಬಂಡೆ ಹತ್ತುವ ಸಜ್ಜು. ಕೈಗೆಟಕುವ ಬೆಲೆ.’ ಅದರ ಕೆಳಗೆ ಎರಡು ಸಣ್ಣವು. ಹಾಸಿಗೆ, ಚೀಲ, ಹಲಗೆಗಳ ಮೇಲೆ ‘ಊರಿನವರೇ ಮಾಡಿದ್ದು’. ಹಗ್ಗ, ಹಾರ್ನೆಸ್, ಕ್ಯಾರಬಿನರ್‌ಗಳ ಮೇಲೆ ‘ಜೀವ ಹೊರುವುದು: ಮುದ್ರೆ ನೋಡಿ ಕೊಳ್ಳಿ’. ‘ಕಡಿಮೆ ಕ್ರಯ’ ನನಗೆ ಬಹಳ ಹಿಡಿಸಿತು, ಆದರೆ ಮೇಳಕ್ಕೆ ಘಟ್ಟದ ಮೇಲಿನವರೂ ಬರುತ್ತಾರೆ. ಬೆಲೆಚೀಟಿಗಳಲ್ಲಿ ‘ಕ್ರಯ’ ಎಂದೇ ಬರೆಯುತ್ತೇವೆ.

ಬೆಳ್ತಂಗಡಿಯವರ ಮಾತನ್ನು ತಂಡಕ್ಕೆ ಓದಿ ಹೇಳಿದೆ. ಮೇಳ ಮುಗಿದ ಮೇಲೆ ಬರಲು ಒಪ್ಪಿದ್ದಾರೆ, ದಿನ ನೀವೇ ತಿಳಿಸಿ. ಬರುವಾಗ ಹಿಗ್ಗುವ ಹಗ್ಗ, ಹಿಗ್ಗದ ಹಗ್ಗ ಎರಡರ ತುಂಡುಗಳನ್ನೂ ತರುತ್ತಾರಂತೆ. ಬಾಯಿಗೆ ತಿರುಪು ಇರುವ ಕ್ಯಾರಬಿನರಿಗೆ ಚೀಟಿಯಲ್ಲಿ ‘ತಿರುಪು ಕೊಂಡಿ’ ಎಂದು ಬರೆಯಬಹುದೇ? ನಾಳೆ ಮಧ್ಯಾಹ್ನದೊಳಗೆ ಹೇಳಿ.

ನಿವೃತ್ತ ಕನ್ನಡ ಅಧ್ಯಾಪಕ, ಉಡುಪಿ:

ಬರೆಯಬಹುದು. ತಿರುಪು ಇಲ್ಲದ್ದಕ್ಕೂ ಕೊಂಡಿ ಎಂದೇ ಬರೆಯಿರಿ.