ಕೋಬಾಲ್ಟ್ ಎಣ್ಣೆ ಪದರಕ್ಕೆ ಪೂರ್ತಿ ಬರ್ತಿಲ್ಲ, ಏನ್ ತಪ್ಪಾಗ್ತಿದೆ?

ಪೀಣ್ಯಲ್ಯಾಬ್: ಎಲ್ರಿಗೂ ನಮಸ್ಕಾರ. ಪೀಣ್ಯದ ಒಂದು ಚಿಕ್ಕ ಲ್ಯಾಬಲ್ಲಿ ಹಳೇ ಮೊಬೈಲ್ ಬ್ಯಾಟರಿ ಪುಡಿನ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಕರಗಿಸಿ ಕೋಬಾಲ್ಟು ನಿಕಲ್ಲು ಬೇರೆ ಮಾಡೋಕೆ ಒದ್ದಾಡ್ತಿದೀನಿ, ಸೀಮೆಎಣ್ಣೇಲಿ ಸೈನೆಕ್ಸ್ 272 (ನೀರಲ್ಲಿರೋ ಕೋಬಾಲ್ಟ್‌ನ ಎಣ್ಣೆಗೆ ಎಳ್ಕೊಳ್ಳೋ ಕೆಮಿಕಲ್) ಬೆರೆಸಿ, ಪಿಎಚ್ 5ಕ್ಕೆ ತಂದು ಅಲ್ಲಾಡಿಸಿದ್ರೆ ಮೇಲಿನ ಪದರ ಒಂಚೂರು ನೀಲಿ ಆಗಿ ಅಲ್ಲಿಗೇ ನಿಂತುಬಿಡತ್ತೆ. ಮಧ್ಯದಲ್ಲಿ ಕೊಳೆ ತರ ಒಂದು ಪದರ ಬೇರೆ. ಎರಡು ವಾರ ಆಯ್ತು, ಯಾರಾದ್ರೂ ಹೇಳಿ ಪ್ಲೀಸ್.

ಆಸಿಡ್‌ಬಾಟ್ಲಿ: ಅಲ್ಲಾಡಿಸಿದ ಮೇಲೆ ಪಿಎಚ್ ನೋಡಿದ್ರಾ? ಒಂದು ಕೋಬಾಲ್ಟ್ ಅಯಾನು ಎಣ್ಣೆಗೆ ಹೋದ್ರೆ ಎರಡು ಹೈಡ್ರೋಜನ್ ಅಯಾನು ನೀರಿಗೆ ಬರತ್ತೆ, ಹಂಗಾಗಿ ಪಿಎಚ್ ಇಳಿದು ರಿಯಾಕ್ಷನ್ ತಾನೇ ನಿಲ್ಲತ್ತೆ. ಕಾಸ್ಟಿಕ್ ಸೋಡಾ ಹನಿಹನಿಯಾಗಿ ಹಾಕ್ತಾ 5ರಿಂದ 5.5ರೊಳಗೆ ಹಿಡ್ಕೊಳ್ಳಿ. ಕೊನೇಲಿರೋ ಪಿಎಚ್ಚೇ ಲೆಕ್ಕ. ನಿಕಲ್ ಬರೋಕೆ ಇನ್ನೂ ಜಾಸ್ತಿ ಪಿಎಚ್ ಬೇಕು, ಆ ಗ್ಯಾಪಲ್ಲೇ ಎರಡೂ ಬೇರೆ ಆಗೋದು.

ಪೀಣ್ಯಲ್ಯಾಬ್: ಈಗಷ್ಟೇ ನೋಡ್ದೆ, 3.8! ತುಂಬಾ ಥ್ಯಾಂಕ್ಸ್ ಸರ್. ಆ ಕೊಳೆ?

ಹಳೇಕೆಮಿಸ್ಟ್: ಅದಕ್ಕೆ ಕ್ರಡ್ ಅಂತಾರೆ. ಗ್ರಾಫೈಟ್ ಧೂಳು, ಕಬ್ಬಿಣ, ಅಲ್ಯೂಮಿನಿಯಂ ಇವೆಲ್ಲಾ ಸೇರಿ ಆಗಿರತ್ತೆ ನೋಡಿ. ಮೊದ್ಲೇ ಪೆರಾಕ್ಸೈಡ್ ಹಾಕಿ ಪಿಎಚ್ ಏರಿಸಿ ಕಬ್ಬಿಣನ ಗಸಿ ಮಾಡಿ ತೆಗೀರಿ, ಚೆನ್ನಾಗಿ ಸೋಸಿ, ಸೋಸೋದ್ರಲ್ಲಿ ದಯವಿಟ್ಟು ಆತುರ ಬೇಡಮ್ಮ. ಮ್ಯಾಂಗನೀಸ್ ಇದ್ರೆ ಅದೂ ಕೋಬಾಲ್ಟ್ ಜೊತೆ ಸೈನೆಕ್ಸ್‌ಗೆ ಬಂದ್ಬಿಡತ್ತೆ, ಅದನ್ನ ಡಿ2ಇಎಚ್‌ಪಿಎ ಅನ್ನೋ ಇಂಥದೇ ಇನ್ನೊಂದು ಕೆಮಿಕಲಲ್ಲಿ ಪಿಎಚ್ 3ರ ಹತ್ರ ಮುಂಚೇನೇ ಎಳ್ಕೊಳ್ಳಿ. ಕೊನೆಗೆ ಆ ನೀಲಿ ಎಣ್ಣೆನ ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್ ಜೊತೆ ಅಲ್ಲಾಡಿಸಿ, ಕೋಬಾಲ್ಟ್ ಗುಲಾಬಿ ಬಣ್ಣದಲ್ಲಿ ನೀರಿಗೆ ಇಳಿಯತ್ತೆ, ಅದನ್ನ ನೋಡೋ ಖುಷೀನೇ ಬೇರೆ. ಹತ್ರ ಬೆಂಕಿ ಮಾತ್ರ ಇರಬಾರ್ದು.