ಗೊಂಫಲೊನಿಯೆರೆಗೆ ‘ನ್ಯಾಯಾಧೀಶ’ ಎನ್ನಬಹುದೇ?

ಪ್ರಶ್ನೆ: ‘ಅಸ್ಯಾಸಿನ್ಸ್ ಕ್ರೀಡ್ 2’ ವಿಡಿಯೊ ಆಟದ ಉಬೆರ್ತೊ ಆಲ್ಬೆರ್ತಿಯ ಹುದ್ದೆಗೆ ಕನ್ನಡದಲ್ಲಿ ಏನೆನ್ನಬೇಕು? 1476ರ ಫ್ಲಾರೆನ್ಸಿನಲ್ಲಿ ಕಥಾನಾಯಕ ಎತ್ಸಿಯೊನ ತಂದೆ, ಅಣ್ಣ, ತಮ್ಮ ಮೂವರನ್ನೂ ಗಲ್ಲಿಗೇರಿಸುವವನು ಇವನೇ. ಮೂಲದಲ್ಲಿ ‘ಗೊಂಫಲೊನಿಯೆರೆ’ ಎಂದಿದೆ. ‘ನ್ಯಾಯಾಧೀಶ’ ಸಾಕೇ, ‘ಧ್ವಜಧಾರಿ’ ಬೇಕೇ? ಅಡಿಬರಹಕ್ಕಾದ್ದರಿಂದ (ಸಬ್‌ಟೈಟಲ್) ಪದ ಉದ್ದವಾಗಬಾರದು.

ಉತ್ತರ: ‘ನ್ಯಾಯಾಧೀಶ’ ಖಂಡಿತ ಬೇಡ. ಆ ದೃಶ್ಯದಲ್ಲಿ ತೀರ್ಪು ಹೇಳುವುದರಿಂದ ಹಾಗೆ ಅನ್ನಿಸುತ್ತದೆ, ಅಷ್ಟೇ. ವಿಚಾರಣೆಗೆ ಅಲ್ಲಿ ‘ಪೊದೆಸ್ತಾ’ ಎಂಬ ಬೇರೆ ಅಧಿಕಾರಿಯಿದ್ದ. ಪಕ್ಷಪಾತವಾಗದಿರಲೆಂದು ಅವನನ್ನು ಹೊರ ಊರಿನಿಂದ ಕರೆಸುತ್ತಿದ್ದರು. ಗೊಂಫಲೊನಿಯೆರೆ ಊರಿನವನೇ. ‘ಸಿನ್ಯೋರಿಯ’ ಎಂಬ ಆಡಳಿತ ಮಂಡಳಿಯಲ್ಲಿ ಎಂಟು ಜನ ಪ್ರಿಯೋರಿಗಳು, ಅವರ ಮೇಲೆ ಒಂಬತ್ತನೆಯವನಾಗಿ ಇವನು. ಚೀಲದಿಂದ ಚೀಟಿ ಎತ್ತಿ ಆರಿಸುತ್ತಿದ್ದರು, ಅವಧಿ ಎರಡೇ ತಿಂಗಳು. (ಚೀಲದೊಳಗೆ ಯಾರ ಹೆಸರಿರಬೇಕೆಂಬುದು ಆ ಹೊತ್ತಿಗೆ ಊರನ್ನು ತೆರೆಮರೆಯಲ್ಲಿ ಆಳುತ್ತಿದ್ದ ಮೆದಿಚಿ ಮನೆತನದ ಕೈಯಲ್ಲಿತ್ತು.) ಉಬೆರ್ತೊ ಕಲ್ಪಿತ, ಹುದ್ದೆ ನಿಜ. 1478ರಲ್ಲಿ ಮೆದಿಚಿಗಳನ್ನು ಕೊಲ್ಲಲು ನಡೆದ ಪಾತ್ಸಿ ಸಂಚಿನ ದಿನ ಆ ಪೀಠದಲ್ಲಿದ್ದವನು ಚೇಸರೆ ಪೆತ್ರೂಚಿ.

ಪೂರ್ತಿ ಬಿರುದು ‘ನ್ಯಾಯದ ಗೊಂಫಲೊನಿಯೆರೆ’. ಆ ‘ನ್ಯಾಯ’ ಬಂದದ್ದು 1293ರ ‘ನ್ಯಾಯದ ಕಟ್ಟಳೆ’ಗಳಿಂದ. ಬಲಾಢ್ಯ ಮನೆತನಗಳನ್ನು ಹದ್ದುಬಸ್ತಿನಲ್ಲಿಡಲು ಮಾಡಿದ ಕಾನೂನು ಅದು. ನ್ಯಾಯಾಲಯದ ಪೀಠಕ್ಕೂ ಇದಕ್ಕೂ ಸಂಬಂಧವಿಲ್ಲ.

‘ಗೊಂಫಲೊನೆ’ ಎಂದರೆ ಬಾವುಟ. ಆ ಲೆಕ್ಕದಲ್ಲಿ ‘ಧ್ವಜಧಾರಿ’ ಸರಿ, ಆದರೆ ಓದುಗನ ಕಣ್ಣಿಗೆ ಕಾಣುವುದು ಸೇನೆಯ ಮುಂದೆ ಬಾವುಟ ಹಿಡಿದ ಆಳು. ಸಾಲದ್ದಕ್ಕೆ, ನಗರದ 16 ಕೇರಿಪಡೆಗಳ ನಾಯಕರಿಗೂ ಗೊಂಫಲೊನಿಯೆರೆ ಎಂದೇ ಹೆಸರು. ‘ಧ್ವಜನಾಯಕ’ವನ್ನು ಅವರಿಗೆ ಮೀಸಲಿಡಿ. ನಮ್ಮ ಶಾಸನಗಳ ‘ಪಟ್ಟಣಸ್ವಾಮಿ’ ಆಸೆ ಹುಟ್ಟಿಸುವ ಪದ. ಆದರೆ ಅವನು ವರ್ತಕರ ಮುಖಂಡ, ಓದುಗ ಫ್ಲಾರೆನ್ಸ್ ಬಿಟ್ಟು ಬೇರೆಲ್ಲೋ ಹೋಗಿಬಿಡುತ್ತಾನೆ.

ಪಾತ್ರಪರಿಚಯದಲ್ಲಿ ‘ಗೊಂಫಲೊನಿಯೆರೆ’ ಎಂದೇ ಉಳಿಸಿ, ಅಡಿಬರಹದಲ್ಲಿ ‘ನಗರಮುಖ್ಯ’ ಎನ್ನಿ. ‘ನಗರಾಧ್ಯಕ್ಷ’ ಎಂದರೆ ಪುರಸಭೆಯ ವಾಸನೆ ಬರುತ್ತದೆ. ಕಾಗುಣಿತದಲ್ಲಿ ‘ನ್ಫ’ ಒತ್ತಕ್ಷರಕ್ಕಿಂತ ಸೊನ್ನೆಯೇ ಮೇಲು: ಇಟಾಲಿಯನ್ನಿನಲ್ಲಿ ಫಕಾರದ ಹಿಂದಿನ ನಕಾರ ಮಕಾರದತ್ತ ವಾಲುತ್ತದೆ, ಪವರ್ಗದ ಹಿಂದಿನ ನಮ್ಮ ಸೊನ್ನೆಯೂ ಹಾಗೇ. ಎಕಾರಾಂತವಾದ್ದರಿಂದ ‘ಗೊಂಫಲೊನಿಯೆರೆಯನ್ನು’, ‘ಗೊಂಫಲೊನಿಯೆರೆಗೆ’, ಬಹುವಚನ ‘ಗೊಂಫಲೊನಿಯೆರೆಗಳು’. ಇಟಾಲಿಯನ್ ಬಹುವಚನ ‘ಗೊಂಫಲೊನಿಯೆರಿ’ಗೆ ಮತ್ತೆ ‘ಗಳು’ ಅಂಟಿಸಬೇಡಿ. (ಮೇಲೆ ‘ಪ್ರಿಯೋರಿಗಳು’ ಎಂದದ್ದು ಬಳಕೆಯ ರೂಢಿಗೆ ಮಣಿದು; ಕಟ್ಟುನಿಟ್ಟಾಗಿ ‘ಪ್ರಿಯೋರೆಗಳು’.)

ಮತ್ತೊಂದು ಉತ್ತರ: ‘ನಗರಮುಖ್ಯ’ಕ್ಕೆ ನನ್ನ ಒಪ್ಪಿಗೆಯಿದೆ. ಅದೇ ದೃಶ್ಯದಲ್ಲಿ ಇನ್ನೊಂದು ತೊಡಕು: ತಂದೆ ಜೊವಾನ್ನಿಯ ಮೇಲಿನ ಆರೋಪಕ್ಕೆ ಥಟ್ಟನೆ ಬರುವ ಪದ ‘ರಾಜದ್ರೋಹ’. ಫ್ಲಾರೆನ್ಸ್ ಗಣರಾಜ್ಯ, ಅಲ್ಲಿ ರಾಜನೆಲ್ಲಿ? ಬರೀ ‘ದ್ರೋಹ’ ಸಾಕು. ನೇಣಿನ ಕೆಳಗೆ ನಿಂತ ಜೊವಾನ್ನಿ ಅದೇ ಮಾತನ್ನು ಉಬೆರ್ತೊಗೆ ತಿರುಗಿಸಿ ಹೊಡೆಯುತ್ತಾನಲ್ಲ, ಅಲ್ಲಿಗೂ ‘ದ್ರೋಹಿ’ ಹೊಂದುತ್ತದೆ, ‘ರಾಜದ್ರೋಹಿ’ ಹೊಂದುವುದಿಲ್ಲ.